ಅಂಗೈಯಗಲ ಧೂಳು

ಲಗಮಣ್ಣ ಖಾಲಿ ಕಾರಿನ ಬಾಗಿಲನ್ನು ಎಂದೂ ನೇರವಾಗಿ ತೆರೆದವನಲ್ಲ. ಮೊದಲು ಬೆರಳಿನ ಗೆಣ್ಣಿನಿಂದ ಗಾಜಿನ ಮೇಲೆ ಮೆಲ್ಲಗೆ ಬಡಿಯುತ್ತಿದ್ದ. ಒಳಗಿನಿಂದ ಯಾರಾದರೂ ಹೂಂಗುಟ್ಟಬಹುದೆಂಬಂತೆ ಕಿವಿ ಓರೆಮಾಡಿ ನಿಲ್ಲುತ್ತಿದ್ದ. ಆಮೇಲೆ, ಉತ್ತರ ಬಂತೋ ಇಲ್ಲವೋ ನೋಡುವವರಿಗೆ ತಿಳಿಯದ ಹಾಗೆ ಒಂದು ಸಲ ತಲೆಯಾಡಿಸಿ ಹಿಡಿಕೆಗೆ ಕೈಹಾಕುತ್ತಿದ್ದ. ಹಾಡಹಗಲು, ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯ ಬದಿಗೆ, ಕಬ್ಬಿನ ಟ್ರ್ಯಾಕ್ಟರುಗಳು ಟೇಪಿನಲ್ಲಿ ಹಾಡು ಹಚ್ಚಿಕೊಂಡು ಸಾಲುಗಟ್ಟಿ ಹೋಗುತ್ತಿದ್ದಾಗ ನೋಡಿದರೂ ಆ ದೃಶ್ಯ ಬೆನ್ನಿನಲ್ಲಿ ತಣ್ಣಗೆ ಏನನ್ನೋ ಇಳಿಸುತ್ತಿತ್ತು. ಒಮ್ಮೆ ತಡೆಯಲಾರದೆ ಕೇಳಿದೆ: "ಯಾರದಾರಲೇ ಒಳಗ?"

"ಇದ್ರ ಅಂತ," ಎಂದ.

ಅವನ ಅಂಗಿಯನ್ನು ನೋಡಿದವರಾರೂ ಮರೆಯಲಾರರು. ಉಜ್ಜುವಾಗ ಗುಂಡಿ ತಾಗಿ ಕಾರಿನ ಬಣ್ಣಕ್ಕೆ ಗೀರು ಬಿದ್ದೀತೆಂದು ಅಂಗಿಯನ್ನು ಹಿಂದು ಮುಂದಾಗಿ ತೊಡುತ್ತಿದ್ದ. ಕಾಲರು ಗದ್ದಕ್ಕೆ ತಾಗುತ್ತಿತ್ತು, ಗುಂಡಿಗಳು ಬೆನ್ನ ಮೇಲೆ ಇಳಿಯುತ್ತಿದ್ದವು. ಎತ್ತರದ ಸಣಕಲು ದೇಹ, ಮುಖ ಮುಚ್ಚುವಂತೆ ಸುತ್ತಿದ ಟಾವೆಲು, ನೆಲ ಸವರಿಕೊಂಡು ಹೋಗುವ ಸದ್ದಿಲ್ಲದ ನಡಿಗೆ ಎಲ್ಲ ಸೇರಿ, ಬಿಸಿಲಗುದುರೆಯಾಚೆ ರಸ್ತೆಯ ತುದಿಯಲ್ಲಿ ಅವನು ಕಂಡಾಗ, ಮನುಷ್ಯ ನಮ್ಮತ್ತ ಬರುತ್ತಿದ್ದಾನೋ ನಮ್ಮಿಂದ ದೂರ ಹೋಗುತ್ತಿದ್ದಾನೋ ಎಂದು ಕ್ಷಣಕಾಲ ಗೊತ್ತಾಗುತ್ತಿರಲಿಲ್ಲ. ಚಹಾದಂಗಡಿಯ ಮಂದಿ ಅದನ್ನೇ ಚೇಷ್ಟೆ ಮಾಡಿಕೊಂಡು ನಗುತ್ತಿದ್ದರು. ಆದರೆ ಒಬ್ಬರೇ ಇದ್ದಾಗ ಯಾರೂ ನಗುತ್ತಿದ್ದುದನ್ನು ನಾನು ಕಂಡಿಲ್ಲ.

ಅವನದು ಬೀರೇಶ್ವರನ ಒಕ್ಕಲು, ಕುರಿ ಕಾಯುವ ಮನೆತನ, ಬೀಳಗಿ ತಾಲೂಕಿನ ಹೊಳೆದಂಡೆಯ ಒಂದು ಊರು. ಆಲಮಟ್ಟಿಯ ಹಿನ್ನೀರು ಮೇಲೇರಿ ಬಂದು ಮೇವಿನ ಬಯಲನ್ನು ನುಂಗಿದ ಮೇಲೆ ಅಪ್ಪ ಹಿಂಡನ್ನು ಮಾರಿದ. ಮಗ ಕೊಲ್ಲಾಪುರದ ಯಾವುದೋ ದೊಡ್ಡ ಗ್ಯಾರೇಜಿನಲ್ಲಿ ಸಿರಿವಂತರ ಕಾರುಗಳ ಮೈ ಉಜ್ಜುತ್ತ ಪ್ರಾಯ ಕಳೆದ. ತಿರುಗಿ ಬಂದಾಗ ನಮ್ಮ ಸೀಮೆಯ ಚಹರೆಯೇ ಬದಲಾಗಿತ್ತು. ಮುಳುಗಡೆಯ ಪರಿಹಾರ ಬಂದವರ ಅಂಗಳದಲ್ಲೆಲ್ಲ ಒಂದೊಂದು ಸುಮೋ, ಒಂದೊಂದು ಇಂಡಿಕಾ ನಿಂತಿದ್ದವು. ಮುಳುಗಿದ ಊರುಗಳು ನೀರಿನಡಿಯಿಂದೆದ್ದು ಗಾಲಿ ಹಚ್ಚಿಕೊಂಡು ಓಡಾಡುತ್ತಿವೆಯೇನೋ ಎಂದು ನನಗೆ ಆಗ ಅನಿಸುತ್ತಿತ್ತು. ಲಗಮಣ್ಣ ರಸ್ತೆಬದಿಗೆ ತಗಡಿನ ಶೆಡ್ಡು ಹಾಕಿ, 'ಕಾರ್ ಡಿಟೇಲಿಂಗ್' ಎಂದು ಬೋರ್ಡು ಬರೆಸಿದ.

ಅದೇನೆಂದು ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಯಾರೂ ಒಪ್ಪಲಿಲ್ಲ. ಗಿರಿಮಲ್ಲಪ್ಪನೆಂಬ ಕಬ್ಬಿನ ಸಾಹುಕಾರ ತನ್ನ ಕಾರನ್ನು ಎರಡು ದಿನ ಬಿಟ್ಟು ಹೋಗಬೇಕೆಂದು ಲಗಮಣ್ಣ ಹೇಳಿದ್ದಕ್ಕೆ ಶೆಡ್ಡಿನ ಮುಂದೆಯೇ ಗದ್ದಲವೆಬ್ಬಿಸಿದ್ದ.

"ನಮ್ಮ ತ್ವಾಟದಾಗ ಪಂಪ್‌ಸೆಟ್ ಚಾಲೂ ಮಾಡಿ ಪೈಪ್ ಹಿಡದ್ರ ಎಮ್ಮಿ ಸೈತ ಗಳಿಗ್ಯಾಗ ಲಕಲಕ ಅಂತೈತಿ. ನಿನಗ ಎರಡ ದಿನಾ ಯಾಕ ಬೇಕೋ?"

"ಎಮ್ಮಿ ಉಳದದ್ದು ತಾನ ನೆಕ್ಕೊಂತೈತ್ರಿ ಕಾಕಾ," ಎಂದ ಲಗಮಣ್ಣ, ಬಾನೆಟ್ಟಿನ ಮೇಲೆ ಕೈಯಿಟ್ಟು. "ಇದಕ್ಕ ನಾಲಿಗಿ ಇಲ್ಲ."

ಉಜ್ಜುವ ಕೆಲಸಕ್ಕೆ ನಮ್ಮಲ್ಲಿ ಬೆಲೆಯಿಲ್ಲ. ಉಜ್ಜುವ ಕೈ ಯಾವ ಮನೆತನದ್ದೆಂದು ಮೊದಲು ವಿಚಾರಿಸುತ್ತೇವೆ, ಆಮೇಲೆ ಆ ಕೈಗೆ ಬುದ್ಧಿಯಿಲ್ಲವೆಂದು ತೀರ್ಮಾನಿಸುತ್ತೇವೆ. ಮದುವೆಯ ದಿಬ್ಬಣಕ್ಕೆ ಊರು ನಡುಗುವಂತೆ ಡಾಲ್ಬಿ ತರಿಸುವ ಇದೇ ಗಿರಿಮಲ್ಲಪ್ಪ, ತನ್ನ ಹೆಂಡತಿ ಮಕ್ಕಳು ದಿನಾ ಉಸಿರಾಡುವ ಡಬ್ಬಿಯೊಳಗಿನ ಕೊಳೆಯನ್ನು ತೆಗೆಯುವವನೊಡನೆ ಮಾತ್ರ ಚೌಕಾಸಿಗೆ ಇಳಿಯುತ್ತಾನೆ. ಲಗಮಣ್ಣ ಮಾಡುತ್ತಿದ್ದದ್ದಾದರೂ ಏನು? ಗಾಳಿ ಬರುವ ಜಾಲರಿಯ ಸಂದಿಗೆ ಕಡ್ಡಿಗೆ ಅರಳೆ ಸುತ್ತಿ ಇಳಿಸುತ್ತಿದ್ದ. ಬೆಲ್ಟನ್ನು ಕೊನೆಯ ತನಕ ಎಳೆದು, ಒಳಗೆ ಕತ್ತಲಲ್ಲಿ ಸುತ್ತಿಕೊಂಡಿದ್ದ ಭಾಗದ ಬೆವರನ್ನೂ ತೆಗೆಯುತ್ತಿದ್ದ. ಸೀಟುಗಳನ್ನು ಬಿಚ್ಚಿ ಬಿಸಿಲಿಗಿಟ್ಟು, ಅಂಜುಬುರುಕ ಕುರಿಗೆ ಹೇಳುವಂತೆ "ಇರಲಿ, ಇರಲಿ" ಎಂದು ಗುನುಗುತ್ತ ಒಗೆಯುತ್ತಿದ್ದ. ಅವನ ಕೈಯಿಂದ ಹೊರಬಂದ ಕಾರಿನಲ್ಲಿ ಹೊಸದರ ವಾಸನೆಯೂ ಇರುತ್ತಿರಲಿಲ್ಲ, ಹಳೆಯದರದ್ದೂ ಇರುತ್ತಿರಲಿಲ್ಲ. ಗಿರಿಮಲ್ಲಪ್ಪನ ಹೆಂಡತಿ ತಾಯವ್ವ ಒಳಗೆ ಕುಳಿತವಳು ಕೂಡಲೇ ಕೆಳಗಿಳಿದು, "ಯವ್ವಾ, ಯಾರೋ ಬಿಟ್ಟಹ್ವಾದ ಮನಿ ಹೊಕ್ಕಂಗ ಆತು," ಎಂದು ಸೆರಗು ಬಿಗಿದುಕೊಂಡಳಂತೆ. ಅದಕ್ಕಿಂತ ದೊಡ್ಡ ಶಹಬ್ಬಾಸಗಿರಿ ಅವನಿಗೆ ನಮ್ಮ ಊರಿನಲ್ಲಿ ಸಿಗಲಿಲ್ಲ.

ಸುಮ್ಮನೆ ಹೊಳಪಿಗಾಗಿ ಬರುವವರು ಹೀಗೆ ಬೆರಳೆಣಿಕೆಯವರು. ಅವನ ಹೊಟ್ಟೆ ಹೊರೆದದ್ದು ಬೇರೆ ಬಗೆಯ ಕಾರುಗಳು. ಶೆಡ್ಡಿದ್ದ ಜಾಗ ಸಂಜು ಎಂಬ ಹಳೆ ಕಾರುಗಳ ವ್ಯಾಪಾರಿಯದು. ಜೀನ್ಸಿನ ಮೇಲೆ ಬಿಳಿ ಅಂಗಿ, ಕೈಯಲ್ಲಿ ಯಾವಾಗಲೂ ಇನ್ನೊಬ್ಬರ ಕಾರಿನ ಕೀಲಿ ತಿರುಗಿಸುತ್ತ ಮಾತಾಡುವ ಆಸಾಮಿ. ಮಾರಾಟಕ್ಕೆ ಬಂದ ಕಾರುಗಳಲ್ಲಿ ಯಾರಾದರೂ ಸತ್ತಿದ್ದರೆ ಅವನ್ನು ಸಂಜು ಮಾತಿಲ್ಲದೆ ಲಗಮಣ್ಣನ ಶೆಡ್ಡಿನೊಳಗೆ ತಂದು ನಿಲ್ಲಿಸುತ್ತಿದ್ದ. ಹಿಂದಿನ ದೀಪವಿಲ್ಲದ ಕಬ್ಬಿನ ಟ್ರೇಲರುಗಳು ಹಂಗಾಮಿನುದ್ದಕ್ಕೂ ನಮ್ಮ ರಸ್ತೆಗಳಲ್ಲಿ ಮನುಷ್ಯರನ್ನು ಕೊಲ್ಲುತ್ತವೆ. ಒಂದು ಕೆಂಪು ಪಟ್ಟಿ ಅಂಟಿಸಿ ಎಂದು ನಾನು ವರ್ಷಗಟ್ಟಲೆ ಪತ್ರಿಕೆಗೆ ಬರೆದರೂ ಅಂಟಿಸಿದವರಿಲ್ಲ. ಮುಂಭಾಗ ಜಜ್ಜಿದ ಕಾರುಗಳನ್ನು ಬಡಿದು ನೆಟ್ಟಗೆ ಮಾಡುವವರು ಬೇಕಾದಷ್ಟು ಜನ ಇದ್ದರು. ಒಳಗಿನದನ್ನು ತೆಗೆಯಲು ಇಡೀ ಸೀಮೆಗೆ ಇವನೊಬ್ಬನೇ.

ಅಂಥ ಕಾರುಗಳಲ್ಲಿ ಮಾತ್ರ ಲಗಮಣ್ಣ ಪೂರ್ತಿ ತೊಳೆಯುತ್ತಿರಲಿಲ್ಲ. ಸತ್ತವರು ಕೂತಿದ್ದ ಸೀಟಿನ ಮುಂದೆ, ಕಾಲಿಡುವ ಮ್ಯಾಟಿನ ಕೆಳಗೆ, ಅಂಗೈಯಗಲ ಜಾಗವನ್ನು ಇದ್ದ ಹಾಗೆಯೇ ಬಿಡುತ್ತಿದ್ದ. ಅವರ ಮನೆಯಲ್ಲಿ ಕುರಿಯ ಉಣ್ಣೆ ಕತ್ತರಿಸುವಾಗ ಬೆನ್ನ ಮೇಲೊಂದು ಜುಟ್ಟು ಬಿಡುತ್ತಿದ್ದರಂತೆ. ಎಲ್ಲವನ್ನೂ ಬೋಳಿಸಿದರೆ ಕುರಿ ತಾನು ಯಾರೆಂಬುದನ್ನು ಮರೆತು ಹಿಂಡು ಬಿಟ್ಟು ನಡೆಯುತ್ತದೆಂದು ಅವನ ಅಜ್ಜ ಹೇಳುತ್ತಿದ್ದನಂತೆ. ಮುದುಕನ ಆ ನಂಬಿಕೆಯನ್ನು ಇವನು ತಗಡಿನ ವಾಹನಕ್ಕೆ ತಂದು ಹಚ್ಚಿದ. "ಒಮ್ಮಿಂದೊಮ್ಮೆ ಇಳದ ಹ್ವಾದವರಿಗೆ ಗೊತ್ತ ಇರಂಗಿಲ್ರಿ, ಇಳದೇವಿ ಅಂತ," ಎಂದಿದ್ದ ನನಗೆ. "ತಿರಗಿ ಬಂದ್ರ ಕಾಲ ಇಡಾಕ ಏಟರ ಜಾಗಾ ಬ್ಯಾಡೇನು?"

ಇಂಥ ಸಂಗತಿ ಎಷ್ಟು ದಿನ ಮ್ಯಾಟಿನಡಿಗೆ ಅಡಗಿರುತ್ತದೆ? ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಿಂದ ಬನಹಟ್ಟಿಯ ಮಗ್ಗದ ಓಣಿಗಳ ತನಕ ಸುದ್ದಿ ಹಬ್ಬಿತು. ಅಲ್ಲಿಂದ ಮುಂದೆ ನಾನು ಕಂಡ ದೃಶ್ಯಗಳನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಹಳೆ ಕಾರು ಕೊಳ್ಳಲು ಬಂದವರು ಇಂಜಿನ್ನು ಕೇಳಲಿಲ್ಲ, ಬ್ರೇಕು ಒತ್ತಿ ನೋಡಲಿಲ್ಲ. ದೇವರಿಗೆ ಅಡ್ಡಬೀಳುವವರಂತೆ ಬಾಗಿಲ ಬಳಿ ಮೊಣಕಾಲೂರಿ ಮ್ಯಾಟು ಎತ್ತಿ ಇಣುಕಿದರು. ಧೂಳು ಕಂಡರೆ ಎದ್ದು, ಕೈ ಜಾಡಿಸಿ, ಹಿಂತಿರುಗಿ ನೋಡದೆ ನಡೆದರು. ವರ್ಷಗಟ್ಟಲೆ ಅವನು ತೊಳೆದದ್ದಕ್ಕೆ ಕಿಮ್ಮತ್ತು ಕಟ್ಟದ ಜನ, ಅವನು ತೊಳೆಯದೆ ಬಿಟ್ಟದ್ದನ್ನು ನೋಡಲು ಹಳ್ಳಿ ಹಳ್ಳಿಯಿಂದ ಬಂದರು. ಒಬ್ಬನಾದರೂ, ಸತ್ತವನು ಯಾರು, ಹೇಗೆ ಸತ್ತ, ಆ ಟ್ರೇಲರು ಯಾರದಿತ್ತು ಎಂದು ಕೇಳಲಿಲ್ಲ.

ಸಂಜುವಿನ ಅಂಗಳದಲ್ಲಿ ಕಾರುಗಳು ಮಾರಾಟವಾಗದೆ ನಿಂತವು. ಅಷ್ಟರಲ್ಲಿ ರಬಕವಿಯಿಂದ ಅರುಣನ ಇಂಡಿಕಾ ಬಂತು. ಅರುಣ ನೇಕಾರರ ಮನೆಯ ಒಬ್ಬನೇ ಮಗ, ಸೀರೆ ವ್ಯಾಪಾರಕ್ಕೆಂದು ಊರೂರು ತಿರುಗುತ್ತಿದ್ದವನು. ಮುಧೋಳದ ದಾರಿಯಲ್ಲಿ ಎದೆ ಹಿಡಿದಂತಾಗಿ ಕಾರನ್ನು ನೀಟಾಗಿ ಎಡಕ್ಕೆ ತೆಗೆದು, ಹ್ಯಾಂಡ್‌ಬ್ರೇಕು ಎಳೆದು, ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡೇ ಸತ್ತಿದ್ದ. ಇಂಡಿಕೇಟರು ಮಧ್ಯಾಹ್ನದವರೆಗೂ ಮಿನುಗುತ್ತಿತ್ತಂತೆ. ಯಾರಿಗೋ ಕಾದು ಕುಂತಾನೆಂದುಕೊಂಡು ದಾರಿಹೋಕರು ಮುಂದೆ ಹೋದರಂತೆ.

ನಾನು ಶೆಡ್ಡಿನಲ್ಲಿ ಕೂತಿದ್ದಾಗಲೇ ಸಂಜು ಬಂದು ಮಾತು ಕತ್ತರಿಸಿದ. "ಲಗಮಣ್ಣ, ಇದೊಂದು ಗಾಡಿ ಪೂರಾ ತೊಳಿ. ಒಂದ ಚಿಟಿಕಿ ಧೂಳು ಕಂಡ್ರ ನಾಳಿ ಮುಂಜಾನೆ ನಿನ್ನ ತಗಡಾ ಕಿತ್ತ ಒಗಿತೀನಿ. ಖರೆ ಹೇಳಾಕತ್ತೇನಿ."

ಲಗಮಣ್ಣ ಅಂಗಿಯ ಕಾಲರನ್ನು ಗದ್ದದ ಕೆಳಗೆ ಸರಿಪಡಿಸಿಕೊಂಡು, ಎಂದಿನಂತೆ ಅಂಗೈಯಗಲ ಬಿಟ್ಟು, ಉಳಿದೆಲ್ಲವನ್ನೂ ತೊಳೆದ. ಶೆಡ್ಡು ಹೋದರೆ ಅವನಿಗೆ ಬೇರೆ ನೆಲೆಯಿರಲಿಲ್ಲ. ಅವನ ಹಳೆಯ ಊರಿನ ಮೇಲೆ ಆಗ ಮೀನುಗಾರರ ದೋಣಿಗಳು ಓಡಾಡುತ್ತಿದ್ದವು.

ಮರುದಿನ ಮುಂಜಾನೆ ಸಂಜುವಿಗಿಂತ ಮೊದಲು ಅರುಣನ ತಾಯಿ ಅನಸವ್ವ ಬಂದಳು. ಬಸ್ಸಿನಿಂದಿಳಿದು ನೇರವಾಗಿ ಕಾರಿನ ಬಳಿ ನಿಂತು ಬಣ್ಣ ಮುಟ್ಟಿ ನೋಡಿದಳು. ಒಳಗೆ ತಲೆಹಾಕಿ ಮೂಸಿದಳು. ಏನೂ ಸಿಗಲಿಲ್ಲವೆಂದು ಅವಳ ಹೆಗಲುಗಳೇ ಹೇಳಿದವು.

"ಅಂವದು ಏನೂ ಉಳದಿಲ್ಲೇನಪಾ?"

ಲಗಮಣ್ಣ ಬಾಗಿ ಮ್ಯಾಟು ಎತ್ತಿದ. ಬೂದುಬಣ್ಣದ ನೆಲದ ಮೇಲೆ ಅಷ್ಟೇ ಅಗಲ ಧೂಳು. ಧೂಳಿನಲ್ಲಿ ಮಗ್ಗದ ಮನೆಯ ಹತ್ತಿಯ ಎಳೆ, ಚಪ್ಪಲಿಯ ಅಂಚಿನ ಅರ್ಧ ಗುರುತು. ಮುದುಕಿ ನೋಡುತ್ತ ನಿಂತಳು. ನಾನು ಅವಳು ಅಳುತ್ತಾಳೆಂದುಕೊಂಡೆ, ಕೈಮುಗಿಯುತ್ತಾಳೆಂದುಕೊಂಡೆ. ಅವಳು ಲಗಮಣ್ಣನತ್ತ ತಿರುಗಿದಾಗ ಆ ಮುಖದಲ್ಲಿ ಭಯವಿತ್ತು.

"ಇದನ್ನ ಹಿಂಗ ಇಟ್ಟ ಮಾರತೀಯಾ?"

"ಹೂಂ ಯವ್ವಾ. ಅವ್ರಿಗೊಂದು ಜಾಗಾ ಅಂತ..."

"ಯಾರ ಮನಿ ಮುಂದ ನಿಲ್ಲತೈತೋ ಈ ಗಾಡಿ! ನನ್ನ ಮಗಾ ಅಲ್ಲಿ ನಿಂದರಬೇಕೇನೋ? ಗುರುತಿಲ್ಲ, ಪರಿಚಯಿಲ್ಲ, ಬಾ ಅನ್ನವ್ರಿಲ್ಲ. ಮಂದಿ ಮಕ್ಕಳ ಕಾಲ ಬುಡಕ ಹಗಲೂ ರಾತ್ರಿ ಕುಂದರಬೇಕೇನೋ ಅಂವಾ?" ಅವಳ ಧ್ವನಿ ಏರಲಿಲ್ಲ, ಅದೇ ನನ್ನನ್ನು ಹೆದರಿಸಿತು. "ಕುರಿ ಕಾಯವ್ರ ಮಗಾ ಅದಿ. ತಪ್ಪಿಸಿಕೊಂಡದ್ದನ್ನ ಮನಿಗೆ ಮುಟ್ಟಸತಾರೋ, ಕಂಡವ್ರ ದೊಡ್ಡ್ಯಾಗ ಕಟ್ಟತಾರೋ?"

ಅನಸವ್ವ ಸೆರಗಿನ ತುದಿ ಒಡ್ಡಿದಳು. ಲಗಮಣ್ಣ ಒಂದು ಕಾಗದದ ಅಂಚಿನಿಂದ ಆ ಧೂಳನ್ನು, ಎಳೆಯನ್ನೂ ಬಿಡದೆ, ಕೂಡಿಸಿ ಕೊಟ್ಟ. ಅವಳು ಗಂಟು ಹಾಕಿ ಸೊಂಟಕ್ಕೆ ಸಿಗಿಸಿ, "ನಡೀಪಾ ಅರುಣಾ," ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆಗೆ ಹೊರಟಳು. ಪಕ್ಕದಲ್ಲಿ ನಡೆಯುತ್ತಿರುವ ಯಾರಿಗೋ ಜಾಗ ಬಿಟ್ಟವಳಂತೆ ರಸ್ತೆಯ ಒಂದೇ ಮಗ್ಗುಲಿಗೆ ಸರಿದು ನಡೆದಳು.

ಲಗಮಣ್ಣ ಆ ಜಾಗವನ್ನು ತೊಳೆದ. ಸಂಜು ಬಂದವನು ಮ್ಯಾಟು ಎತ್ತಿ ನೋಡಿ, ಇವನಿಗೆ ಬುದ್ಧಿ ಬಂತೆಂದು ಖುಷಿಯಿಂದ ಬೆನ್ನು ಚಪ್ಪರಿಸಿದ. ತಗಡು ಉಳಿಯಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಅವನು ಇಂದಿಗೂ ಆ ಶೆಡ್ಡಿನಲ್ಲೇ ಇರುತ್ತಿದ್ದ. ಅವನಿಗೆ ಸುಮ್ಮನಿರಲಾಗಲಿಲ್ಲ. ಇಷ್ಟು ವರ್ಷ ಗೌರವವೆಂದುಕೊಂಡು ಯಾರು ಯಾರನ್ನು ಎಲ್ಲೆಲ್ಲಿ ಬಿಟ್ಟುಬಂದೆ ಎಂಬ ಲೆಕ್ಕ ತಲೆಯೊಳಗೆ ಏಳತೊಡಗಿತ್ತು. ಸೈಕಲ್ಲಿಗೆ ಬಕೀಟು ಕಟ್ಟಿಕೊಂಡು, ತಾನು ಧೂಳು ಉಳಿಸಿದ ಒಂದೊಂದು ಕಾರನ್ನೂ ಹುಡುಕಿ ಹೊರಟ.

ಈ ಸುತ್ತಾಟದ ಕತೆಗಳನ್ನು ನಮ್ಮ ಕಡೆ ಇನ್ನೂ ದನಿ ತಗ್ಗಿಸಿಯೇ ಹೇಳುತ್ತಾರೆ. ಚಿಕ್ಕಪಡಸಲಗಿಯಲ್ಲಿ, ಹೊಳೆಯ ಆಚೀಚೆ, ಉರಿಬಿಸಿಲಲ್ಲಿ ಅಂಗಿ ತಿರುಗಾಮುರುಗಾ ತೊಟ್ಟ ಉದ್ದನೆಯ ಮನುಷ್ಯನೊಬ್ಬ ಬಂದು ಯಾರದೋ ಅಂಗಳದ ಕಾರಿನ ಗಾಜು ಬಡಿಯುತ್ತಿದ್ದರೆ ಆ ಮನೆಯವರಿಗೆ ಎದೆ ಒಡೆಯುತ್ತಿತ್ತು. ಮೊದಲಾದರೆ ಗುರುತು ಮ್ಯಾಟಿನ ಕೆಳಗಿತ್ತು. ಈಗ ಗುರುತೇ ಎದ್ದು ಸೈಕಲ್ ಹತ್ತಿ ಮನೆಮನೆಗೆ ಹೊರಟಿತ್ತು. ಗಲಗಲಿಯ ಭೀಮಶಿ ಹೆಂಡತಿಯ ಮುಂದೆಯೇ ಕೋಲೆತ್ತಿದ. "ನಮ್ಮ ಗಾಡ್ಯಾಗ ಯಾರೂ ಸತ್ತಿಲ್ಲ! ನಡಿ ಇಲ್ಲಿಂದ!"

"ಸತ್ತಾರ್ರಿ ಅಣ್ಣಾರ," ಎಂದನಂತೆ ಲಗಮಣ್ಣ, ಕೈ ಜೋಡಿಸಿ. "ಸಣ್ಣ ಹುಡುಗಿ. ಆಕಿ ಅವ್ವ ಮುಧೋಳದಾಗ ಅದಾಳ. ಕೊಟ್ಟ ಬರ್ತೇನಿ, ತಡ್ಯಾಬ್ಯಾಡ್ರಿ."

ಭೀಮಶಿಯ ಹೆಂಡತಿ ಸುಂದರವ್ವ ಗಂಡನ ಕೋಲು ಕಸಿದು ತಾನೇ ಬಾಗಿಲು ತೆರೆದುಕೊಟ್ಟಳು. ಎಲ್ಲರೂ ತೆರೆಯಲಿಲ್ಲ. ಕೆಲವರು ಪೊಲೀಸರನ್ನು ಕರೆದರು. ಧೂಳಿನ ಪೊಟ್ಟಣ ಹಿಡಿದು ಬಂದವನ ಮುಖಕ್ಕೆ ಸತ್ತವರ ಮನೆಯವರೇ ಬಾಗಿಲು ಹಾಕಿದ್ದೂ ಉಂಟು. ಬಂಡವಾಳ ಬಯಲಾದ ಸಂಜು ಕೊನೆಗೂ ತಗಡು ಕಿತ್ತೆಸೆದ. ಲಗಮಣ್ಣನನ್ನು ನಾನು ಕೊನೆಯ ಸಲ ಕಂಡದ್ದು ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ. ಸಿಗದೆ ಉಳಿದದ್ದು ಒಂದೇ ಒಂದು ಬಿಳಿ ವ್ಯಾನು, ಸೊಲ್ಲಾಪುರದ ಕಡೆಗೆ ಮಾರಾಟವಾಗಿದೆಯಂತೆ, ಅಲ್ಲಿಗೇ ಹೊರಟಿದ್ದೇನೆ ಎಂದ. ತಿರುಗಿ ಬಂದ ಸುದ್ದಿ ನನಗೆ ತಿಳಿದಿಲ್ಲ.

ಈಗ ನಮ್ಮಲ್ಲಿ ಇಂಥ ಅಂಗಡಿಗಳು ಬೇಕಾದಷ್ಟಾಗಿವೆ. ಗಾಜಿನ ಬಾಗಿಲು, ಬಣ್ಣದ ನೊರೆ, ಜನ ಸಂತೋಷದಿಂದ ದುಡ್ಡು ಕೊಡುತ್ತಾರೆ. ಕಾರುಗಳು ಒಂದು ಕಣವೂ ಉಳಿಯದಂತೆ ತೊಳೆಸಿಕೊಂಡು ಹೊರಬರುತ್ತವೆ. ನಾವು ನಿಶ್ಚಿಂತೆಯಿಂದ ಹತ್ತಿ ಕೂರುತ್ತೇವೆ. ಯಾರ ತೊಡೆಯ ಮೇಲೆ ಕೂರುತ್ತಿದ್ದೇವೆಂದು ತಿಳಿಯುವ ಉಪಾಯ ಇನ್ನಿಲ್ಲ. ಶುಚಿಮಾಡುವ ಕುಲವೊಂದು ಪ್ರತಿ ಊರಿನಲ್ಲೂ ಇದೆ: ಹೆಣ ತೊಳೆಯುವವರು, ಆಸ್ಪತ್ರೆಯ ನೆಲ ಒರೆಸುವವರು, ಅಪಘಾತವಾದ ರಸ್ತೆಗೆ ನೀರು ಹೊಡೆಯುವವರು. ನಮ್ಮ ಕಣ್ಣಿಗೆ ಬೀಳಬಾರದೆಂದು ನಾವು ಬಯಸಿದ್ದೆಲ್ಲ ಅವರ ಕಣ್ಣಿನೊಳಗೆ ಹೋಗಿ ಸೇರುತ್ತದೆ. ಅವರಿಗೆ ನಾವು ಕೊಡುವುದು ಹೊಳಪಿನ ಬೆಲೆಯಲ್ಲ, ಮರೆವಿನ ಬೆಲೆ. ಅದಕ್ಕೇ ಕೊಡುವಾಗ ಅಷ್ಟು ಅವಸರ, ಮುಖ ನೋಡಲು ಅಷ್ಟು ಸಂಕೋಚ. ನಾವು ಮರೆತು ಮಲಗಿದ ಹೊತ್ತಿನಲ್ಲಿ, ನಮ್ಮ ಸತ್ತವರ ಹೆಸರು ಹಿಡಿದು ಕರೆಯುವವರು ಬಹುಶಃ ಅವರಷ್ಟೇ.