ಗೋಡೆಯ ಗೌರವಧನ

ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ತಂಡದ ಗೋಲ್‌ಕೀಪರಿಗೆ ಎಲ್ಲರೂ ಇಟ್ಟ ಹೆಸರು ಗೋಡೆ. ತಂಡದ ಹುಡುಗಿಯರಿಗೆ ಗೋಡೆ ಅಕ್ಕ, ಪತ್ರಿಕೆಯವರಿಗೆ ಬರೀ ಗೋಡೆ, ಅವಳ ಬಸ್ಸು ಹತ್ತುವವರಿಗೆ ಮಾತ್ರ ಕಂಡಕ್ಟ್ರಮ್ಮ. ವಾರವಿಡೀ ನೂಕುನುಗ್ಗಲಿನಲ್ಲಿ ನಿಂತು ಟಿಕೆಟ್ ಹರಿದೂ ಹರಿದೂ ಅವಳ ಕಾಲುಗಳು ಯಾವ ತಿರುವಿಗೂ ಜಗ್ಗುತ್ತಿರಲಿಲ್ಲ. ದೇಶಕ್ಕಾಗಿ ಆಡಲು ಹೋದ ದಿನಗಳಿಗೆಲ್ಲ ಡಿಪೋದವರು ಸಂಬಳ ಹಿಡಿಯುತ್ತಿದ್ದರು. ಅವಳ ಅತ್ತೆ ಅದಕ್ಕೆ ದೇಶಸೇವೆಯ ದಂಡ ಎನ್ನುತ್ತಿದ್ದಳು.

ಇವತ್ತಿನದು ಗೋಡೆಯ ಕೊನೆಯ ಪಂದ್ಯ. ಇದೊಂದು ಆಡಿ ಮುಗಿಸಿಬಿಡು ಎಂದು ಮೊಣಕಾಲು ನೋಡಿದ ಡಾಕ್ಟರಮ್ಮ ಹೇಳಿಯಾಗಿತ್ತು. ಅದೂ ಎಂಥ ಪಂದ್ಯ, ವಿಶ್ವಕಪ್ಪಿನ ಬಾಗಿಲು ತೆರೆಯುವಂಥದ್ದು, ಸ್ವಂತ ನೆಲದಲ್ಲಿ. ಅತ್ತೆಯೂ ಮಗಳೂ ಮೊದಲ ಸಲ ಸ್ಟೇಡಿಯಮ್ಮಿಗೆ ಬಂದು ಮೇಲೆ ಕೂತಿದ್ದರು. ಗೋಡೆ ಮಾತ್ರ ಕೆಳಗೆ, ಬಟ್ಟೆ ಬದಲಾಯಿಸುವ ಕೋಣೆಯ ಬೆಂಚಿನ ಮೇಲೆ, ಕೈಗವಸು ಬಿಚ್ಚಿಟ್ಟು ಕೂತಿದ್ದಳು. ಇಡೀ ತಂಡವೇ ಕೂತಿತ್ತು.

ಕಾರಣ ಒಂದು ಪದ. ಆಟಗಾರ್ತಿಯರಿಗೆ ಕೊಡಬೇಕಾದ ದುಡ್ಡಿಗೆ ಫುಟ್‌ಬಾಲ್ ಒಕ್ಕೂಟದವರು ಕೂಲಿ ಎನ್ನುತ್ತಿರಲಿಲ್ಲ, ಸಂಬಳ ಎನ್ನುತ್ತಿರಲಿಲ್ಲ. ಗೌರವಧನ ಎನ್ನುತ್ತಿದ್ದರು. ಎಂಥ ಜಾಣ ಪದವೆಂದರೆ, ಮೊದಲರ್ಧ ಕೊಟ್ಟು ಉಳಿದರ್ಧ ನುಂಗಿಬಿಡಬಹುದು. ವರ್ಷವೆಲ್ಲ ಫಲಕ ಕೊಟ್ಟರು, ಹೂಗುಚ್ಛ ಕೊಟ್ಟರು, ಮಂತ್ರಿಗಳ ಪಕ್ಕ ನಿಲ್ಲಿಸಿ ಫೋಟೊ ಹೊಡೆಸಿದರು. ಗೌರವಕ್ಕೇನೂ ಬರ ಇರಲಿಲ್ಲ. ಧನವೆಲ್ಲ ಪದಾಧಿಕಾರಿಗಳ ಜೊತೆ, ಅವರ ಹೆಂಡಂದಿರು ಭಾವಮೈದುನರ ಜೊತೆ, ವಿಮಾನ ಹತ್ತಿ ಹೊರದೇಶದ ಹೋಟೆಲುಗಳಲ್ಲಿ ಆಟ ನೋಡುತ್ತಿತ್ತು. ಧನ ಬರಲಿ, ಆಮೇಲೆ ಕಾಲು ಮೈದಾನಕ್ಕೆ ಎಂದು ನಾಯಕಿ ಬೆಳಿಗ್ಗೆ ಹೇಳಿದಾಗ ಎಲ್ಲರೂ ಹೂಂಗುಟ್ಟಿದ್ದರು. ಗೋಡೆಯೂ ಹೂಂ ಅಂದಿದ್ದಳು, ಕಣ್ಣು ಕೈಗವಸಿನ ಮೇಲೇ ಇದ್ದರೂ.

ಒಕ್ಕೂಟದ ಗೌರವ ಕಾರ್ಯದರ್ಶಿಗಳು ಇಸ್ತ್ರಿಯ ಗೆರೆ ಮುರಿಯದಂತೆ ನಡೆದು ಬಂದರು. ದೇಶ ನೋಡುತ್ತಿದೆ, ದೇಶದ ಮಾನಕ್ಕೆ ಬೆಲೆ ಕಟ್ಟುತ್ತೀರಾ ತಾಯಂದಿರಾ ಎಂದು ಕಣ್ಣು ಒದ್ದೆ ಮಾಡಿಕೊಂಡರು. ನಾಯಕಿ ಎದ್ದು ನಿಂತು ತನ್ನ ಅಂಗಿ ತೋರಿಸಿದಳು. ಎದೆಯ ತುಂಬ ಸಿಮೆಂಟ್ ಕಂಪನಿಯ ಹೆಸರು. ದೇಶದ ಲಾಂಛನ ಜಾಗ ಸಾಲದೆ ಕಂಕುಳ ಹತ್ತಿರ ಸರಿದಿತ್ತು.

"ಬೆಲೆ ನೀವು ಆಗ್ಲೇ ಕಟ್ಟಿದೀರಿ ಸಾರ್. ನಮ್ಮ ಪಾಲು ಎಲ್ಲಿ ಅಂತ ಕೇಳ್ತಿದೀವಿ ಅಷ್ಟೆ."

ಅಷ್ಟರಲ್ಲಿ ಜಾಹೀರಾತು ನೋಡಿಕೊಳ್ಳುವವನು ಬೆವರು ಸುರಿಸುತ್ತ ಓಡಿ ಬಂದ. ನೇರಪ್ರಸಾರ ತಡವಾದರೆ ಸಿಮೆಂಟಿನವರು ಬಿಡಿಗಾಸೂ ಬಿಚ್ಚುವುದಿಲ್ಲ ಎಂದು ಕಾರ್ಯದರ್ಶಿಗಳ ಕಿವಿಯಲ್ಲಿ ಊದಿದ. ವರ್ಷವಿಡೀ ಹುಡುಕಿದರೂ ಸಿಗದ ದುಡ್ಡು, ಕಾರ್ಯದರ್ಶಿಗಳು ಒಂದು ಲೋಟ ನೀರು ಕುಡಿದು ಮುಗಿಸುವಷ್ಟರಲ್ಲಿ ಸಿಕ್ಕಿಬಿಟ್ಟಿತು. ಬೆಂಚಿನ ಮೇಲಿನ ಫೋನುಗಳು ಒಂದರ ಹಿಂದೊಂದು ಟಿಣ್ ಎಂದವು. ಹುಡುಗಿಯರು ಹಲ್ಲು ಬಿಟ್ಟುಕೊಂಡು ಲೇಸು ಬಿಗಿದರು.

ಗೋಡೆಯ ಫೋನು ಮಾತ್ರ ತೆಪ್ಪಗಿತ್ತು.

ಕಾರ್ಯದರ್ಶಿಗಳು ಲೆಕ್ಕದ ಗುಮಾಸ್ತನಿಗೆ ಫೋನು ಹಚ್ಚಿದರು. ಎಲ್ಲರಿಗೂ ಕೇಳುವಂತೆ ಹಚ್ಚಬೇಕೆಂದು ನಾಯಕಿ ಹಟ ಹಿಡಿದಳು.

"ಗೋಡೆಗೆ ಹೋದ ತಿಂಗಳೇ ಕೊಟ್ಟಾಯ್ತಲ್ಲ ಸಾರ್," ಎಂದಿತು ಆ ಕಡೆಯ ದನಿ. "ಕಟ್ಟಡ ದುರಸ್ತಿ ಲೆಕ್ಕದಲ್ಲಿ. ಮೇಸ್ತ್ರಿ ಬಂದು ತಗೊಂಡು ಹೋದ."

ಗೋಡೆಯ ಬಾಕಿ ಮೊದಲು ತೀರಿಸಿ, ಅವಳಿಗೆ ಇದು ಕೊನೆಯ ಪಂದ್ಯ ಎಂದು ತರಬೇತುದಾರರು ಕಚೇರಿಗೆ ಹೇಳಿ ಕಳಿಸಿದ್ದರಂತೆ. ಗುಮಾಸ್ತನಿಗೆ ತಲುಪಿದ್ದು ಮೊದಲರ್ಧ ಮಾತ್ರ. ಆಮೇಲೆ ಯಾರೋ ಕಿಸಕ್ಕೆಂದರು, ಇಡೀ ತಂಡ ಹೊಟ್ಟೆ ಹಿಡಿದುಕೊಂಡು ಬಿತ್ತು. ಗೋಡೆಯೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಗಿಲಾವಾದರೂ ನೆಟ್ಟಗೆ ಮಾಡಿದ್ದಾನಾ ಕೇಳಿ ಎಂದಳು.

ಇದೇ ಸಮಯವೆಂದು ಕಾರ್ಯದರ್ಶಿಗಳು ಚುರುಕಾದರು. ನೋಡಿ, ಬರೀ ಕೈತಪ್ಪು, ಮುಂದಿನ ವಾರ ಸರಿಮಾಡೋಣ, ಈಗ ನಡೀರಿ ಎಂದರು. ಮೇಲಿಂದ ಜನರ ಗದ್ದಲ ಕಾಂಕ್ರೀಟಿನೊಳಗಿಂದ ಇಳಿದು ಬೆಂಚನ್ನು ನಡುಗಿಸುತ್ತಿತ್ತು. ಆ ಗದ್ದಲದಲ್ಲಿ ತನ್ನ ಮಗಳ ದನಿಯೂ ಇದೆ ಎಂದು ಗೋಡೆಗೆ ಗೊತ್ತಿತ್ತು. ಕೈಗವಸಿಗೆ ಅವಳ ಕೈ ತಾನಾಗಿಯೇ ಹೋಯಿತು.

"ಹೋಗೋಣ ಬನ್ರೇ," ಎಂದು ಎದ್ದಳು. "ನಂದು ಆಮೇಲೆ ನೋಡಿಕೊಂಡ್ರಾಯ್ತು."

ನಾಯಕಿ ಬಗ್ಗಿ ಬಿಗಿದ ಲೇಸನ್ನು ಬಿಚ್ಚತೊಡಗಿದಳು. ಪಕ್ಕದವಳೂ ಬಿಚ್ಚಿದಳು. ಸಾಲಿನ ಕೊನೆಯವರೆಗೂ ಬೂಟುಗಳು ದಬದಬ ನೆಲಕ್ಕೆ ಬಿದ್ದವು.

"ಅಕ್ಕಾ, ಕೆಳಗೆ ಒಬ್ಬರನ್ನ ಬಿಟ್ಟು ನೀನು ಯಾವತ್ತಾದ್ರೂ ರೈಟ್ ಅಂದಿದೀಯಾ?" ಎಂದಳು ನಾಯಕಿ.

ದೇಶ ಅಂದರೆ ಏನೋ ದೊಡ್ಡದು ಇರಬೇಕೆಂದು ಅವಳು ಅಂದುಕೊಂಡಿದ್ದಳು. ಅದು ಬರಿಗಾಲಲ್ಲಿ ಬೆವರು ನಾರುತ್ತ ತನ್ನೆದುರು ಕೂತಿತ್ತು. ಅವಳೂ ಕೂತಳು. ಪುಕ್ಕಟೆ ಪ್ರಯಾಣ ಮಾಡುವವರ ಮುಂದೆ ಕೈ ಚಾಚುವ ಹಾಗೆ ಕಾರ್ಯದರ್ಶಿಗಳ ಮುಂದೆ ಅಂಗೈ ಚಾಚಿದಳು.

"ನೀವು ಗೌರವ ಕಾರ್ಯದರ್ಶಿಗಳು, ನಾನು ಗೌರವಧನದವಳು. ಗೌರವ ಇಬ್ಬರ ಹತ್ರಾನೂ ಇದೆ. ಧನ ನಿಮ್ಮ ಫೋನಲ್ಲಿದೆ, ಕಳಿಸಿ. ಮೇಸ್ತ್ರಿ ಹತ್ರ ನೀವೇ ವಸೂಲಿ ಮಾಡ್ಕೊಳ್ಳಿ."

"ಇದು ನನ್ನ ಸ್ವಂತ ದುಡ್ಡು ಕಣಮ್ಮಾ."

"ನಾನು ಇಷ್ಟು ವರ್ಷ ಆಡಿದ್ದೂ ಸ್ವಂತ ಮೊಣಕಾಲಲ್ಲೇ ಸಾರ್."

ಜಾಹೀರಾತಿನವನು ಕೈಗಡಿಯಾರ ತಟ್ಟಿದ. ಹಲ್ಲು ಕೀಳಿಸಿಕೊಳ್ಳುವವರ ಮುಖ ಮಾಡಿಕೊಂಡು ಕಾರ್ಯದರ್ಶಿಗಳು ಗುಂಡಿ ಒತ್ತಿದರು. ಟಿಣ್.

ಸುರಂಗ ದಾಟಿ ಹೊರಬಂದಾಗ ಬೆಳಕು ಮುಖಕ್ಕೆ ರಾಚಿತು. ರಾಷ್ಟ್ರಗೀತೆ ಶುರುವಾಯಿತು. ಬಸ್ಸಿನಲ್ಲಿ ಕೂಗಿ ಕೂಗಿ ಒಡೆದ ದನಿಯಲ್ಲಿ ಗೋಡೆ ಶ್ರುತಿಯ ಹಂಗಿಲ್ಲದೆ ಹಾಡಿದಳು, ಪಕ್ಕದ ನಾಯಕಿ ನಗು ತಡೆದುಕೊಂಡು ತಾನೂ ತಪ್ಪು ಹಾಡಿದಳು. ಎಲ್ಲರ ಕೈ ಎದೆಯ ಮೇಲಿತ್ತು. ಗಣ್ಯರ ಸಾಲಿನಲ್ಲಿ ಕಾರ್ಯದರ್ಶಿಗಳ ಕೈ ಮಾತ್ರ ಜೇಬಿನ ಮೇಲೆ.

ಮೊದಲ ಚೆಂಡು ಬಂದದ್ದೇ ಮೂಲೆಗೆ, ಬಿರುಸಾಗಿ. ಮೊಣಕಾಲು ಬೇಡ ಬೇಡ ಅನ್ನುತ್ತಿದ್ದರೂ ಗೋಡೆ ಹಾರಿದಳು. ಚೆಂಡು ಎದೆಗವಚಿ ಎದ್ದು ನಿಂತಾಗ ಮೇಲಿನಿಂದ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು, ಅವಳು ನಮ್ಮ ಸೊಸೆ ಎಂದು ಅಕ್ಕಪಕ್ಕದವರಿಗೆಲ್ಲ ಸಾರುತ್ತಿದ್ದಳು.