ಬೆರಳಿಟ್ಟು ಓದುವವನು

ಸಿಟ್ಟು ಬಂದರೆ ಮಾರಿಟ್‌ಗೆ ಅಳು ಬರುತ್ತಿತ್ತು. ಕಾಲೇಜು ಮುಗಿದರೂ ಹೋಗದ ಈ ಚಾಳಿಯ ಬಗ್ಗೆ ಅವಳು ಆ ಬೆಳಿಗ್ಗೆಯೂ ಡೈರಿಯಲ್ಲಿ ಬರೆದುಕೊಂಡಿದ್ದಳು: ಕಣ್ಣೀರು ಕಂಡ ಕೂಡಲೇ ಜನ ಸಮಾಧಾನ ಮಾಡಲು ಬರುತ್ತಾರೆ, ಸಿಟ್ಟು ಯಾಕೆಂದು ಒಬ್ಬರೂ ಕೇಳುವುದಿಲ್ಲ. ಈಗ ಊರಿನ ಗ್ರಂಥಾಲಯದಲ್ಲಿ ಮಡಿಸಿದ ಕುರ್ಚಿಗಳನ್ನು ಬಿಡಿಸಿಡುತ್ತಿದ್ದವಳಿಗೆ ಹಾಲ್ವರ್ಸನ್ ಟೀಚರ್ ಆಡಿದ ಮಾತು ಕೇಳಿ ಅದೇ ಅಳು ಒತ್ತಿಕೊಂಡು ಬಂತು.

"ಒರಿನ್ ಬರಹಾನ ಸ್ವಲ್ಪ ತಿದ್ದಿ ಬರೆದಿದೀನಿ ಕಣಮ್ಮ," ಎಂದಿದ್ದರು ಟೀಚರ್, ಕಾಫಿ ಬಗ್ಗಿಸಿಕೊಳ್ಳುತ್ತ. "ಕೆಲಸ ಕೊಡೋರ ಮುಂದೆ ಯಾರಾದ್ರೂ ದೂರು ಓದಿಸ್ತಾರಾ?"

ಕೆಲಸ ಕೊಡುವವರೆಂದರೆ ದಿನಸಿ ಅಂಗಡಿಯ ಟೊಲೆಫ್‌ಸನ್. ಕಲಿಕೆ ನಿಧಾನವಾದ, ನಾಳೆ ಊರಿನ ನಡುವೆ ತಮ್ಮ ಪಾಡಿಗೆ ತಾವು ಬಾಳಬೇಕಾದ ಹುಡುಗ ಹುಡುಗಿಯರಿಗೆಂದು ಟೀಚರ್ ನಡೆಸುತ್ತಿದ್ದ, ಮಾರಿಟ್ ಸಹಾಯಕಿಯಾಗಿದ್ದ ತರಗತಿ ಅದು. ಬಸ್ಸಿನ ಫಲಕ, ಮಾತ್ರೆಯ ಡಬ್ಬಿ, ಹೋಟೆಲಿನ ಮೆನು ಇವೇ ಅಲ್ಲಿನ ಪಾಠ. ವರ್ಷದ ಕೊನೆಗೆ ತಾವೇ ಕಟ್ಟಿದ ಬರಹವನ್ನು ಊರವರ ಮುಂದೆ ಓದುವುದು ವಾಡಿಕೆ. ಇಪ್ಪತ್ತರ ಒರಿನ್‌ಗೆ ಟೊಲೆಫ್‌ಸನ್ ಅಂಗಡಿಯಲ್ಲಿ ಸಾಮಾನು ಜೋಡಿಸುವ ಕೆಲಸ ಬೇಕಿತ್ತು. ಓದಲು ಬಂದರೆ ನೋಡೋಣ ಎಂದಿದ್ದ ಟೊಲೆಫ್‌ಸನ್ ಅದನ್ನೇ ನೋಡಲು ಬಂದು ಮೊದಲ ಸಾಲಿನಲ್ಲಿ ಕುಳಿತಿದ್ದ.

ಒರಿನ್ ಇಂಗ್ಲಿಷ್ ಓದಲು ಕಲಿತದ್ದು ತನ್ನದೇ ಮಾತಿನಿಂದ. ಅವನು ಹೇಳುತ್ತಿದ್ದ, ಮಾರಿಟ್ ಒಂದು ಪದವನ್ನೂ ಬದಲಿಸದೆ ದೊಡ್ಡ ಹಾಳೆಯ ಮೇಲೆ ಬರೆಯುತ್ತಿದ್ದಳು, ಆಮೇಲೆ ಅವನು ಪದಪದಕ್ಕೂ ಬೆರಳಿಟ್ಟು ಓದುತ್ತಿದ್ದ. ಹಾಗೆ ಕಲಿತ ಪದಗಳನ್ನು ಡಬ್ಬಿಗಳ ಮೇಲೆ, ಬೀದಿಯಲ್ಲಿ ಹುಡುಕಿ ಹಿಡಿಯುತ್ತಿದ್ದ. ಹೊಸ ಪದ ಸಿಕ್ಕರೆ ಮಾತ್ರ ಅದರ ಜೊತೆ ಒಂದೆರಡು ದಿನ ಕೂರಬೇಕಿತ್ತು. ಈ ಪದ್ಧತಿ ತಂದವರು ಹಾಲ್ವರ್ಸನ್ ಟೀಚರೇ.

"ನಿಮಗೆ ಬರೆಯೋಕೆ ಬರುತ್ತೆ, ಮಾತಾಡೋಕೆ ಬರಲ್ಲ," ಎಂದು ಒರಿನ್ ಒಮ್ಮೆ ಅವಳನ್ನು ಛೇಡಿಸಿದ್ದ. "ನಂದು ಉಲ್ಟಾ. ಇಬ್ಬರೂ ಸೇರಿದ್ರೆ ಪೂರ್ತಿ ಒಂದು ಆಳು, ಮಿಸ್ ಮಾರಿಟ್."

ಈ ದಿನದ ಓದಿಗೆಂದು ಅವನು ಹೇಳಿ ಬರೆಸಿದ್ದು ಇಷ್ಟು: ಅಂಗಡೀಲಿ ಎಲ್ಲರೂ ನನ್ನ ಅಮ್ಮನ್ನ ಕೇಳ್ತಾರೆ, ಇವನಿಗೇನು ಬೇಕು ಅಂತ. ನಾನು ಇಲ್ಲೇ ಇದೀನಿ. ಚಳಿಗಾಲದಲ್ಲಿ ಕೆರೆ ಮಂಜುಗಡ್ಡೆ ಕೆಳಗಿಂದ ಕೂಗುತ್ತೆ. ಅದನ್ನೂ ಯಾರೂ ಕೇಳಲ್ಲ.

ಟೀಚರ್ ತಿದ್ದಿ ಸೇರಿಸಿದ ಹೊಸ ಪದಗಳು ಅವನಿಗೆ ಗೊತ್ತಿಲ್ಲವಲ್ಲ ಎಂದು ಮಾರಿಟ್ ಮೆಲ್ಲಗೆ ಹೇಳಹೊರಟಳು. ಐದೇ ಸಾಲು, ಹೇಗೋ ಓದಿಕೊಳ್ಳುತ್ತಾನೆ ಬಿಡು ಎಂದು ಟೀಚರ್ ಬಂದವರನ್ನು ಮಾತಾಡಿಸಲು ಹೋದರು. ಮಾರಿಟ್ ನೆಟ್ಟಗೇ ಇದ್ದ ಕುರ್ಚಿಗಳನ್ನು ಮತ್ತೆ ನೆಟ್ಟಗೆ ಮಾಡಿದಳು.

ತನ್ನ ಸರದಿ ಬಂದಾಗ ಒರಿನ್ ಎದ್ದು ನಿಂತ. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಮಾಡಿ ಬಾಚಿದ ಕೂದಲು. ಟೀಚರ್ ಕೈಗಿಟ್ಟ ಹಾಳೆಗೆ ಹೂವಿನ ಅಂಚಿತ್ತು. ನಮ್ಮ ಊರಿನ ಉದಾರ ಸಹಕಾರಕ್ಕೆ ನಾನು ಚಿರಕೃತಜ್ಞ ಎಂದು ಶುರುವಾಗುತ್ತಿತ್ತು ಅದು. ಒರಿನ್ ಮೊದಲ ಪದದ ಮೇಲೆ ಬೆರಳಿಟ್ಟ. ಎರಡನೆಯದಕ್ಕೆ ಹೋದ. ಬೆರಳು ಹಿಂದಕ್ಕೆ ಬಂತು. ಹಾಳೆ ತಿರುಗಿಸಿ ನೋಡಿದ, ಹಿಂದೆ ಖಾಲಿ.

"ನನ್ನ ಹಾಳೆ ಎಲ್ಲಿ?" ಎಂದು ಕೇಳಿದ.

"ಕೈಲೇ ಇದೆಯಲ್ಲ ಮರಿ," ಎಂದರು ಟೀಚರ್. ಜನ ಪ್ರೀತಿಯಿಂದಲೇ ನಕ್ಕರು. ಯಾರೋ ಪಾಪ ಎಂದರು. ಒರಿನ್‌ನ ಕಿವಿ ಕೆಂಪಾಯಿತು. ಅವನು ಮತ್ತೆ ಮೊದಲ ಪದದ ಮೇಲೆ ಬೆರಳೂರಿದ, ಉಗುರು ಬೆಳ್ಳಗಾಗುವಷ್ಟು. ಇವತ್ತು ಇವನಿಗೆ ನಾಚಿಕೆ, ಇವನ ಪರವಾಗಿ ನಾನೇ ಓದುತ್ತೇನೆ ಎಂದು ಟೀಚರ್ ಹಾಳೆಗೆ ಕೈಚಾಚಿದರು. ಒರಿನ್ ಬಿಡಲಿಲ್ಲ. ಟೊಲೆಫ್‌ಸನ್ ತೊಡೆಯ ಮೇಲಿದ್ದ ಟೋಪಿಯನ್ನು ತಲೆಗೇರಿಸಿ, ಏಳಲೋ ಬೇಡವೋ ಎಂಬಂತೆ ಮುಂದಕ್ಕೆ ಬಾಗಿದ.

ಗೋಡೆಗೆ ಆನಿಕೊಂಡಿದ್ದ ಮಾರಿಟ್ ಅಲ್ಲಿಂದ ನಡೆದು ಒರಿನ್‌ನ ಪಕ್ಕಕ್ಕೆ ಬಂದು ನಿಂತಳು. ಕಣ್ಣೀರು ಆಗಲೇ ಗಲ್ಲಕ್ಕಿಳಿದಿತ್ತು. ಮೊದಲ ಸಾಲಿನ ಹೆಂಗಸೊಬ್ಬಳು ಕರವಸ್ತ್ರ ಹಿಡಿದು ಎದ್ದಳು. ಮಾರಿಟ್ ಅದನ್ನು ತೆಗೆದುಕೊಳ್ಳಲಿಲ್ಲ, ಮುಖವನ್ನೂ ಒರೆಸಿಕೊಳ್ಳಲಿಲ್ಲ.

"ಇವನಿಗೆ ಓದೋಕೆ ಬರುತ್ತೆ," ಎಂದಳು. "ಇವನ ಮಾತನ್ನ ನಾವು ಕಿತ್ಕೊಂಡಿದೀವಿ."