ಬೊಲೆತ್ತೆ ಬಂಡಿ ಇಳಿಸಿದ ದಾರಿ

ಕುರಿ ಸೀಮೆಯಿಂದ ಒಬ್ಬಳು ನಾಯಿಬಂಡಿ ಕಲಿಯಲು ಬಂದಿದ್ದಾಳೆ ಅಂತ ನನ್ನ ಹೆಂಡತಿ ಆಮಾಲಿಯಾ ಹೇಳಿದಾಗ ನಾನು ನಾಯಿಗಳಿಗೆ ಸೀಲ್ ಮಾಂಸ ಕಡಿಯುತ್ತಿದ್ದೆ. ನಗು ಬಂತು. ಗ್ರೀನ್‌ಲ್ಯಾಂಡಿನ ದಕ್ಷಿಣದವರಿಗೆ ಹುಲ್ಲು ಗೊತ್ತು, ಕುರಿ ಗೊತ್ತು. ನಮ್ಮ ಜಾತಿಯ ನಾಯಿ ಸಾಕಲು ಅಲ್ಲಿ ಕಾನೂನೇ ಬಿಡುವುದಿಲ್ಲ. ನಾವಿರುವುದು ಉತ್ತರದ ತುದಿಯಲ್ಲಿ. ನಲವತ್ತು ಜನ, ಇನ್ನೂರು ನಾಯಿ.

ಬಾಗಿಲಲ್ಲಿ ನಿಂತವಳಿಗೆ ನಲವತ್ತೈದು ದಾಟಿತ್ತು. ಹೆಸರು ಬೊಲೆತ್ತೆ. ತನ್ನ ಪಾಲಿನ ಮಂದೆಯನ್ನು ತಮ್ಮನಿಗೆ ಬಿಟ್ಟು, ಎರಡು ಚೀಲ ಹಿಡಿದು ಹೆಲಿಕಾಪ್ಟರಿನಲ್ಲಿ ಬಂದಿಳಿದಿದ್ದಳು.

"ಇನುತೆಕ್ ಅಂದ್ರೆ ನೀವೇನಾ?"

"ನಾನೇ. ಈ ವಯಸ್ಸಲ್ಲಿ ಇದೇನಮ್ಮ ಹುಚ್ಚು?"

"ಹುಟ್ಟಿದಾಗಿಂದ ಪ್ರಾಣಿಗಳ ಹಿಂದೆ ನಡೆದೂ ನಡೆದೂ ಸಾಕಾಗಿದೆ ಅಣ್ಣ. ಒಂದ್ಸಲ ಅವೇ ನನ್ನ ಎಳ್ಕೊಂಡು ಹೋಗ್ಲಿ."

ಆಮಾಲಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಳಗೆ ಬಾ, ಕಾಫಿ ಕುಡಿ. ಇವರನ್ನ ಮೂವತ್ತೈದು ವರ್ಷದಿಂದ ನಾನೇ ಎಳೀತಿದ್ದೀನಿ, ಏನೂ ಕಷ್ಟ ಇಲ್ಲ."

ಊರಿನ ತುದಿಯ ಖಾಲಿ ಮನೆ ಅವಳದಾಯಿತು. ಮೊದಲ ಚಳಿಗಾಲ ಅವಳು ಎರವಲು ನಾಯಿಗಳ ಜೊತೆ ಓಡಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ನಮ್ಮಲ್ಲಿ ಒಂದೊಂದು ನಾಯಿಗೂ ಬೇರೆ ಬೇರೆ ಹಗ್ಗ. ಬೀಸಣಿಗೆಯ ಹಾಗೆ ಹರಡಿಕೊಂಡು ಓಡುತ್ತವೆ, ಗಂಟೆಯೊಳಗೆ ಹಗ್ಗವೆಲ್ಲ ಜಡೆಯಾಗುತ್ತದೆ. ಬಿಡಿಸಬೇಕೆಂದರೆ ಕೈಗವಸು ತೆಗೆಯಲೇಬೇಕು. ಅವಳ ಬೆರಳ ತುದಿ ಸುಲಿದು ಬಂದಿತ್ತು. ಒಮ್ಮೆ ಬಂಡಿ ಅವಳನ್ನು ಕೆಡವಿ ಮುಂದೆ ಹೋಯಿತು. ನಾಯಿಗಳು ಮಾತ್ರ ಊರಿಗೆ ಬಂದವು, ಆಮೇಲೆ ಕುಂಟುತ್ತಾ ಅವಳು. ಅಂಗಡಿ ಮುಂದೆ ನಿಂತವರು, "ಕುರಿಯಮ್ಮ, ನಾಯಿಗಳು ಆಗ್ಲೇ ಊಟ ಮಾಡಿ ಮಲಗಿದ್ವು!" ಅಂತ ಕೂಗಿದರು. "ಹಾಗಾದ್ರೆ ನನ್ನ ಪಾಲು ಉಳಿಸಿದ್ದಾವಾ ಕೇಳಿ" ಅಂದಳೇ ಹೊರತು ತಲೆ ತಗ್ಗಿಸಲಿಲ್ಲ.

ಅವಳಿಗೆ ಕಲಿಸಬೇಕು ಅಂತ ನನಗೆ ಅನ್ನಿಸಿದ್ದು ಬೇರೊಂದು ದಿನ. ಹೊರಡುವ ಮೊದಲು ನಾಯಿಗಳು ಕಿವಿ ಹರಿಯುವಂತೆ ಊಳಿಡುತ್ತವೆ. ಬಂಡಿ ಅಲುಗಿದ ಕ್ಷಣ ಎಲ್ಲ ನಿಂತುಹೋಗುತ್ತದೆ. ಮಂಜಿನ ಮೇಲೆ ಪಾದಗಳ ಸದ್ದು, ಉಸಿರಿನ ಸದ್ದು, ಅಷ್ಟೇ. ಆ ಮೌನ ಶುರುವಾದಾಗ ನನ್ನ ಹಿಂದೆ ಕೂತಿದ್ದವಳು ಟೋಪಿ ತೆಗೆದಳು. ಮೈನಸ್ ಮೂವತ್ತು.

"ಕಿವಿ ಉದುರಿಹೋಗುತ್ತೆ ಕಣಮ್ಮ, ಹಾಕ್ಕೋ!"

"ಸ್ವಲ್ಪ ಕೇಳ್ಲಿ ಬಿಡಿ ಅಣ್ಣ" ಅಂದಳು. ಚರ್ಚಿನಲ್ಲಿ ಮಾತಾಡುವ ದನಿ ಅದು.

ನಾನು ಐದು ಮರಿ ಕೊಟ್ಟೆ. ಉಳಿದವನ್ನು ಅವಳೇ ಒಂದೊಂದಾಗಿ ಕೂಡಿಸಿಕೊಂಡಳು. ಎರಡನೇ ವರ್ಷಕ್ಕೆ ಒಂಬತ್ತು ನಾಯಿ, ಮುಂದಾಳಾಗಿ ಪೋಕ್ ಅನ್ನುವ ಬೂದು ಹೆಣ್ಣುನಾಯಿ.

ಆ ವರ್ಷ ಮೇ ತಿಂಗಳಲ್ಲಿ ನಾವಿಬ್ಬರೂ ಎರಡು ಬಂಡಿ ಕಟ್ಟಿ ಆಚೆ ಕೊಲ್ಲಿಗೆ ಸೀಲ್ ಬೇಟೆಗೆ ಹೊರಟೆವು. ಭೂಶಿರದ ಹತ್ತಿರ ಕಡಲ ಮಂಜುಗಡ್ಡೆ ಒಡೆದಿತ್ತು. ಹಾಗಾಗಿ ಹಿಮನದಿ ಹತ್ತಿ, ಮೇಲಿಂದ ದಾಟಿ, ಆಚೆ ಇಳಿಯಬೇಕು. ಮೇಲೆ ಹತ್ತುವಾಗ ಮೋಡ ಕವಿದಿತ್ತು. ನಾನು ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿದೆ.

"ಕನ್ನಡಕ ಅಣ್ಣ!"

"ಬಿಸಿಲೆಲ್ಲಿದೆ? ನನ್ನ ಕಣ್ಣು ಇಲ್ಲೇ ಹುಟ್ಟಿದ್ದು ಕಣೆ."

ಮಂಜಿನ ಮೇಲೆ ಮೋಡದ ಬೆಳಕು ಕಣ್ಣಿಗೆ ಬಿಸಿಲಿಗಿಂತ ಕೆಟ್ಟದ್ದು ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮಾರನೆಯ ದಿನ ಎದ್ದರೆ ಕಣ್ಣೊಳಗೆ ಬಿಸಿ ಮರಳು ಸುರಿದ ಹಾಗೆ. ರೆಪ್ಪೆ ತೆರೆಯಲಾಗಲಿಲ್ಲ. ಅರವತ್ತಮೂರು ವರ್ಷದ ಬೇಟೆಗಾರ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕುರಿಯಮ್ಮನ ಬಂಡಿಯ ಮೇಲೆ ಹೊರೆಯಾಗಿ ಕೂತೆ. ಅವಳು ನನ್ನ ಬಂಡಿಯನ್ನು ಅಲ್ಲೇ ಮೇಲೆ ಬಿಟ್ಟು, ಎರಡೂ ಹಿಂಡಿನ ನಾಯಿಗಳನ್ನು ಒಟ್ಟು ಮಾಡಿದಳು. ಹಿಂದಕ್ಕೆ ಹೋಗೋಣವೆಂದರೆ ಎರಡು ದಿನದ ದಾರಿ. ಮುಂದೆ ಇಳಿದರೆ ಅರ್ಧ ದಿನ, ಕೆಳಗೆ ಬೇಟೆಗಾರರ ಗುಡಿಸಲು.

"ಇಳಿಸ್ತೀಯಾ?"

"ನೀವು ಹೇಳ್ಕೊಡಿ, ಇಳಿಸ್ತೀನಿ."

ಕಡಿದಾದ ಇಳಿಜಾರು ಬಂದಾಗ ವೇಗ ಕುಗ್ಗಲಿ ಅಂತ ಬಂಡಿಯ ಅಡಿಪಟ್ಟಿಗೆ ಹಗ್ಗ ಸುತ್ತಿಸಿದೆ. ಪೋಕ್ ಒಂದನ್ನು ಮುಂದೆ ಬಿಟ್ಟು, ಉಳಿದ ನಾಯಿಗಳನ್ನು ಹಿಂದಕ್ಕೆ ಕಟ್ಟಿಸಿದೆ. ಅವು ಕಾಲೂರಿ ತಡೆಯದಿದ್ದರೆ ಬಂಡಿ ಕಲ್ಲಿನಂತೆ ಉರುಳಿಬಿಡುತ್ತದೆ. ಕಣ್ಣಿಲ್ಲದೆ ಇಳಿಯುವುದು ಅಂದರೇನು ಅಂತ ಆವತ್ತೇ ತಿಳಿದದ್ದು. ಪ್ರತಿ ಜಾರುವಿಕೆಗೂ ಜೀವ ಬಾಯಿಗೆ ಬರುತ್ತಿತ್ತು.

"ಏನು ಕಾಣ್ತಿದೆ?" ಅಂತ ಪದೇ ಪದೇ ಕೇಳಿದೆ.

"ಮಂಜು. ನೀಲಿ. ಪೋಕ್‌ನ ಬಾಲ. ಸುಮ್ನಿರಿ."

ಅರ್ಧ ಇಳಿದಿರಬಹುದು. ಬಂಡಿ ನಿಂತಿತು. ನಾಯಿಗಳೂ ನಿಂತವು.

"ಬೊಲೆತ್ತೆ, ಏನಾಯ್ತೇ? ಬಾಯಿ ಬಿಡು!"

"ಹೊಗೆ ಅಣ್ಣ... ಕಡಲಿಂದ ಹೊಗೆ ಏಳ್ತಿದೆ. ಅಲ್ಲ. ಅದು ತಿರುಗ್ತಿದೆ. ಬಿಳಿ ಆಯ್ತು. ಮತ್ತೆ ಕಪ್ಪಾಯ್ತು. ಇಡೀ ಹೊಗೆ ಒಂದೇ ಸಲ ಮಗ್ಗುಲು ಬದಲಾಯಿಸ್ತಿದೆ."

ಅಷ್ಟರಲ್ಲಿ ಸದ್ದು ಬಂತು. ಕಡಲಹಕ್ಕಿಗಳು, ಅಂಗೈಯಗಲದವು. ಪ್ರತಿ ಮೇ ತಿಂಗಳು ಲಕ್ಷಗಟ್ಟಲೆ ನಮ್ಮ ಬಂಡೆಗಳಿಗೆ ಬರುತ್ತವೆ. ಉದ್ದ ಕೋಲಿನ ಬಲೆಯಲ್ಲಿ ಹಿಡಿದು ಬಾಳಿದವನು ನಾನು. ಅವುಗಳನ್ನು ಕಂಡರೆ ನನಗೆ ಊಟದ ನೆನಪಾಗುತ್ತಿತ್ತು. ಈಗ ಆ ರೆಕ್ಕೆಗಳ ಸದ್ದು ಕಡಲೇ ಎದ್ದು ಗಾಳಿಯಲ್ಲಿ ಬಂದ ಹಾಗೆ ತಲೆಯ ಮೇಲಿಂದ ಹಾಯಿತು. ಗಾಳಿ ಮುಖಕ್ಕೆ ತಾಗಿತು. ನಿಂತಿತೆಂದುಕೊಂಡರೆ ಮತ್ತೊಂದು ಅಲೆ, ಅದರ ಹಿಂದೆ ಮತ್ತೊಂದು. ಇಪ್ಪತ್ತು ನಾಯಿಗಳಲ್ಲಿ ಒಂದೂ ಕುಂಯ್ ಅನ್ನಲಿಲ್ಲ. ಬಟ್ಟೆಯೊಳಗೆ ನನ್ನ ಕಣ್ಣು ಸುರಿಯುತ್ತಿತ್ತು, ಉರಿಗೋ ಮತ್ಯಾವುದಕ್ಕೋ.

"ಪ್ರತಿ ವರ್ಷ ಹೀಗೇನಾ?" ಅಂತ ಕೇಳಿದಳು.

"ಪ್ರತಿ ವರ್ಷ" ಅಂದೆ. ಹೇಳಿ ನಾಚಿಕೆಯಾಯಿತು.

ಮತ್ತೆ ಇಳಿದೆವು. ಒಂದು ಕಡೆ ಅವಳು ಬಹಳ ನಿಧಾನ ಮಾಡಿದಳು. ಪೋಕ್‌ನ ಹೆಸರನ್ನು ಮೆಲ್ಲಗೆ, ಮತ್ತೆ ಮತ್ತೆ ಕರೆದಳು. "ಏನು?" ಅಂದರೆ, "ಏನಿಲ್ಲ, ನೆಲ ಒರಟು" ಅಂದಳು. ಸಂಜೆಯ ಹೊತ್ತಿಗೆ ಗುಡಿಸಲು ಸೇರಿದೆವು. ಅವಳು ಸ್ಟೌ ಹಚ್ಚಿ, ಒಣ ಮೀನು ಚೂರು ಮಾಡಿ ನನ್ನ ಕೈಗೇ ಇಟ್ಟಳು.

ಮೂರನೆಯ ದಿನ ಕಣ್ಣು ಬಿಟ್ಟಿತು. ಕನ್ನಡಕ ಹಾಕಿಕೊಂಡು ಹೊರಗೆ ಬಂದೆ. ಬೈನಾಕ್ಯುಲರ್ ಎತ್ತಿ ಹಿಮನದಿಯ ಮೇಲೆ ನಮ್ಮ ಬಂಡಿಯ ಗುರುತು ಹುಡುಕಿದೆ. ಸಿಕ್ಕಿತು. ಗುರುತು ಮೇಲಿಂದ ನೆಟ್ಟಗೆ ಬಂದು, ಎರಡು ನೀಲಿ ಬಿರುಕುಗಳ ನಡುವೆ ಉಳಿದಿದ್ದ ಮಂಜಿನ ಸೇತುವೆ ಹಾದು, ಕೆಳಗಿಳಿದಿತ್ತು. ಸೇತುವೆ ಎರಡು ಬಂಡಿಯಷ್ಟು ಅಗಲವೂ ಇರಲಿಲ್ಲ. ಎರಡೂ ಕಡೆ ತಳವೇ ಕಾಣದ ಆಳ. ನನ್ನ ಅಪ್ಪ ಹೋಗಿರಲಾರ ಆ ದಾರಿಯಲ್ಲಿ, ನಾನಂತೂ ಹೋಗುತ್ತಿರಲಿಲ್ಲ.

ಬೊಲೆತ್ತೆ ಪೋಕ್‌ನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದಿಯ ಮಂಜು ಕೀಳುತ್ತಿದ್ದಳು.

"ಬಿರುಕಿನ ವಿಷಯ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಂಡಿಯಿಂದ ಹಾರಿರ್ತಿದ್ರಿ." ತಲೆ ಎತ್ತಲಿಲ್ಲ ಅವಳು. "ನಂಗೂ ದಾರಿ ಕಾಣಲಿಲ್ಲ ಅಣ್ಣ. ಇವಳು ಮೂಸಿ ನೋಡಿ ನಡೆದಳು. ನಾನು ಹೆಸರು ಕರೀತಾ ಹಿಂದೆ ಬಂದೆ."

ನಾನು ಅವಳ ಪಕ್ಕ ಮಂಜಿನ ಮೇಲೆ ಕೂತು, ಇನ್ನೊಂದು ನಾಯಿಯ ಪಾದ ಹಿಡಿದುಕೊಂಡೆ.